ಜೈಲಿನಲ್ಲಿರುವ ವ್ಯಸನಿ ತನಗೆ ತಾನೇ ಏನು ಹೇಳಿಕೊಳ್ಳಬೇಕು?

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಪಠ್ಯ)





ಇಂಥ ಸಭೆಯಲ್ಲಿ ಮಾರ್ಕ್ಸು, ಕಾಲೇಜು, ಶುಲ್ಕದ ಮಾತು ಬರುವುದು ವಾಡಿಕೆ. ಇಂದು ನಾವು ಜೈಲಿನ ಮಾತನ್ನು ಎತ್ತಿಕೊಂಡಿದ್ದೇವೆ. ಕಾರಣ ಸರಳ. ಮನೆಯ ಗಂಡಸು ಗಾಂಜಾಕ್ಕೋ ಮಾತ್ರೆಗಳಿಗೋ ಕುಡಿತಕ್ಕೋ ಬಿದ್ದರೆ ಮೊದಲು ದುಡಿಮೆ ಹೋಗುತ್ತದೆ, ಆಮೇಲೆ ಸಾಲ ಬರುತ್ತದೆ, ಕೆಲವೊಮ್ಮೆ ಅದರ ಹಿಂದೆಯೇ ಪೊಲೀಸ್ ಕೇಸು ಬರುತ್ತದೆ. ಅವನು ಒಳಗೆ ಹೋದ ದಿನ ಹೊರಗೆ ಒಂದು ಮಗುವಿನ ಓದು ನಿಲ್ಲುವ ಹಂತಕ್ಕೆ ಬರುತ್ತದೆ. ಆ ಮಗುವಿಗೆ ಶುಲ್ಕ ಕಟ್ಟುವುದು ನಮ್ಮ ಕೆಲಸ ಎಂದು ಒಪ್ಪಿದ ಮೇಲೆ, ಅದರ ತಂದೆಯೋ ಅಣ್ಣನೋ ಸರಿಯಾಗಿ ಮನೆಗೆ ಮರಳುವುದೂ ನಮಗೆ ಸಂಬಂಧಿಸಿದ ವಿಷಯವೇ ಆಗುತ್ತದೆ. ಚಟಕ್ಕೆ ಜಾತಿ ಧರ್ಮವಿಲ್ಲ. ನಮ್ಮ ಕೇರಿಯಲ್ಲೂ ಇದೆ, ಪಕ್ಕದ ಕೇರಿಯಲ್ಲೂ ಇದೆ.

ಮೊದಲು ಎರಡು ಲೆಕ್ಕಗಳನ್ನು ಮುಂದಿಡುತ್ತೇವೆ. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 5,024 ಬಂದಿಗಳನ್ನು ಅಧ್ಯಯನ ಮಾಡಿ 2011ರಲ್ಲಿ ವರದಿ ಕೊಟ್ಟರು. ಅವರಲ್ಲಿ ಶೇ. 79.6ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಅಥವಾ ಅಮಲು ಪದಾರ್ಥದ ಬಳಕೆಗೆ ಸಂಬಂಧಿಸಿದ ತೊಂದರೆ ಇತ್ತು. ಅಮಲಿನ ತೊಂದರೆಯನ್ನು ಬದಿಗಿಟ್ಟು ನೋಡಿದರೆ ಉಳಿದದ್ದು ಶೇ. 27.6. ಅಂದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಇದ್ದದ್ದು ಅಮಲಿನ ತೊಂದರೆಯೊಂದೇ. ಇನ್ನೊಂದು ಲೆಕ್ಕ ಇಡೀ ದೇಶದ್ದು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ಮಾಡಿದ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಅದರಂತೆ ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ, ಮಾದಕ ವಸ್ತುಗಳಿಗೆ ದಾಸರಾದ 20 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು.

ಎರಡನ್ನೂ ಸೇರಿಸಿ ನೋಡಿ. ಹೊರಗಿದ್ದಾಗ ಚಿಕಿತ್ಸೆ ಸಿಗದವನು ಒಳಗೆ ಹೋಗುತ್ತಾನೆ. ಕಾನೂನು ಇದನ್ನು ಕಾಯಿಲೆ ಎಂದು ಒಪ್ಪಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮನಸ್ಸಿನ ತೊಂದರೆಗಳೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಬರುತ್ತವೆ. ನಾವು ಮಾತ್ರ ಇನ್ನೂ ಅದನ್ನು ಮನೆತನದ ಮಾನದ ಪ್ರಶ್ನೆ ಎಂದೇ ನೋಡುತ್ತಿದ್ದೇವೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಬ್ಯಾರಕ್ಕಿನಲ್ಲಿ ಸಂಜೆ ಬೀಗ ಬಿದ್ದ ಮೇಲೆ ಆ ಮನುಷ್ಯನಿಗೆ ಉಳಿಯುವುದು ತನ್ನ ತಲೆಯೊಳಗಿನ ಮಾತು. ಅಲ್ಲಿ ಏನು ಓಡುತ್ತಿರುತ್ತದೆ? ‘ನಾನು ಹುಟ್ಟಿದ್ದೇ ಹಾಳಾಗುವುದಕ್ಕೆ.’ ‘ಹೊರಗೆ ಹೋದರೂ ನನಗೆ ಯಾರು ಕೆಲಸ ಕೊಡುತ್ತಾರೆ?’ ‘ಒಂದೇ ಒಂದು ಸಲ ಎಳೆದರೆ ಏನಾಗುತ್ತದೆ?’ ಮೊದಲಿನ ಎರಡು ಮಾತು ಮೂರನೆಯದಕ್ಕೆ ದಾರಿ ಮಾಡಿಕೊಡುತ್ತವೆ. ಹೇಗೂ ಹಾಳಾದವನು ಎಂದು ನಂಬಿದವನಿಗೆ ತಡೆದುಕೊಳ್ಳಲು ಕಾರಣವೇ ಇರುವುದಿಲ್ಲ.

ಶಿಕ್ಷಕರಾಗಿದ್ದ ನಮಗೆ ಈ ಮಾತಿನ ಬಲ ಗೊತ್ತು. ‘ಸರ್, ನನಗೆ ಗಣಿತ ಬರೂದಿಲ್ಲ’ ಎನ್ನುವ ಹುಡುಗ ಪ್ರಶ್ನೆಪತ್ರಿಕೆ ಬಿಡಿಸಿ ನೋಡುವ ಮೊದಲೇ ಪೆನ್ನು ಕೆಳಗಿಟ್ಟಿರುತ್ತಾನೆ. ಅವನಿಗೆ ‘ನೀನು ದೊಡ್ಡ ಬುದ್ಧಿವಂತ’ ಎಂದು ಹತ್ತು ಸಲ ಹೇಳಿದರೂ ಉಪಯೋಗವಿಲ್ಲ. ಅವನು ನಂಬುವುದಿಲ್ಲ. ‘ನಿನಗೆ ಭಾಗಾಕಾರ ಬರುತ್ತದೆ, ದಶಮಾಂಶ ಇನ್ನೂ ಬಂದಿಲ್ಲ’ ಎಂದು ತೋರಿಸಿದರೆ ಪೆನ್ನು ಮತ್ತೆ ಕೈಗೆ ಬರುತ್ತದೆ. ಆ ಮಾತು ಚಿಕ್ಕದು, ಆದರೆ ನಿಜ.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ತಮಗೇ ಬೆಲೆಯಿಲ್ಲದವರಿಂದ ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಎಂಬ ಅರ್ಥದ ಮಾತನ್ನು ಮತ್ತೆ ಮತ್ತೆ ಹೇಳಿಸಿದಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಒಳಗಿನಿಂದ ‘ಸುಳ್ಳು, ಸುಳ್ಳು’ ಎಂಬ ಉತ್ತರ ಬಂದರೆ ಹೊಗಳಿಕೆ ಗಾಯವನ್ನೇ ಕೆರೆಯುತ್ತದೆ. ಆದ್ದರಿಂದ ಗೋಡೆಯ ಮೇಲೆ ‘ನಾನು ಗೆದ್ದೇ ಗೆಲ್ಲುತ್ತೇನೆ’ ಎಂದು ಬರೆದು ಹಾಕಿದ ಮಾತ್ರಕ್ಕೆ ಕೈದಿಯ ಮನಸ್ಸು ಬದಲಾಗುವುದಿಲ್ಲ. ಒಳ್ಳೆಯ ಮಾತು ಯಾವುದು ಎಂಬುದಕ್ಕೆ ನಾವು ನಾಲ್ಕು ಗುರುತುಗಳನ್ನು ಹೇಳುತ್ತೇವೆ.

ಒಂದು, ಅದು ನಿಜವಾಗಿರಬೇಕು. ‘ಜೀವಮಾನದಲ್ಲಿ ಇನ್ನು ಮುಟ್ಟುವುದಿಲ್ಲ’ ಎಂಬ ದೊಡ್ಡ ಆಣೆಗಿಂತ ‘ಇವತ್ತು ಮುಟ್ಟಿಲ್ಲ, ಇಶಾ ನಮಾಝ್ ತನಕ ಮುಟ್ಟುವುದಿಲ್ಲ’ ಎಂಬ ಮಾತು ಹೆಚ್ಚು ಹೊತ್ತು ನಿಲ್ಲುತ್ತದೆ. ಇಶಾ ಆದ ಮೇಲೆ ಅದನ್ನೇ ಫಜ್ರ್ ತನಕ ಎಂದು ಮುಂದುವರಿಸಬಹುದು. ನಮ್ಮ ದಿನವನ್ನು ಐದು ಹೊತ್ತಿನ ನಮಾಝ್ ಭಾಗ ಮಾಡಿಕೊಟ್ಟಿರುವುದು ಇಲ್ಲಿ ದೊಡ್ಡ ಅನುಕೂಲ.

ಎರಡು, ಕಾರಣ ಅವನದೇ ಆಗಿರಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಕುಡಿತದ ಚಟವಿದ್ದವರ ಜೊತೆ ಕೆಲಸ ಮಾಡಿ 1983ರಲ್ಲಿ ಮಾತುಕತೆಯ ಒಂದು ವಿಧಾನವನ್ನು ಮುಂದಿಟ್ಟರು. ವ್ಯಸನಿಗಳ ಚಿಕಿತ್ಸೆಯಲ್ಲಿ ಇಂದು ಅದು ಲೋಕದಾದ್ಯಂತ ಬಳಕೆಯಲ್ಲಿದೆ. ಅದರ ತಿರುಳು ಇಷ್ಟು: ಬಿಡಬೇಕೆನ್ನುವ ಕಾರಣವನ್ನು ನಾವು ಹೇಳಿದರೆ ಅವನು ಬಿಡದಿರುವ ಕಾರಣವನ್ನು ಹೇಳುತ್ತಾನೆ, ನಾವು ಕೇಳುತ್ತಾ ಕೂತರೆ ಬಿಡಬೇಕೆನ್ನುವ ಕಾರಣ ಅವನ ಬಾಯಿಂದಲೇ ಬರುತ್ತದೆ. ‘ಮಗಳು ಎಸ್ಸೆಸ್ಸೆಲ್ಸಿ ಬರೆಯುವಾಗ ನಾನು ಹೊರಗಿರಬೇಕು’ ಎಂದು ಅವನು ತಾನಾಗಿ ಹೇಳಿದರೆ ಆ ಒಂದು ಮಾತು ನಮ್ಮ ನೂರು ಉಪದೇಶಕ್ಕೆ ಸಮ.

ಮೂರು, ಅದು ಹೆಸರು ಹಿಡಿದು ಕರೆಯುವಂತಿರಬೇಕು, ಮಾಡಬೇಕಾದ ಕೆಲಸವನ್ನೂ ಹೇಳಬೇಕು. ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರ 2014ರ ಅಧ್ಯಯನದಲ್ಲಿ, ಒತ್ತಡದ ಹೊತ್ತಿನಲ್ಲಿ ‘ನಾನು’ ಎನ್ನುವ ಬದಲು ತಮ್ಮ ಹೆಸರು ಹಿಡಿದು ತಮಗೆ ತಾವೇ ಹೇಳಿಕೊಂಡವರು ಹೆಚ್ಚು ಸಮಾಧಾನದಿಂದ ನಡೆದುಕೊಂಡರು. ನಮ್ಮ ಮನೆಗಳಲ್ಲಿ ಅಮ್ಮಿ ಹೆಸರು ಹಿಡಿದು ‘ಬೇಟಾ, ಸ್ವಲ್ಪ ತಡಿ’ ಎನ್ನುವುದಿಲ್ಲವೇ? ಹಾಗೆಯೇ ಇದೂ. ‘ತಡಿ. ಎದ್ದು ವುಝೂ ಮಾಡು. ಆ ಗುಂಪಿನ ಹತ್ತಿರ ಹೋಗಬೇಡ, ಲೈಬ್ರರಿ ಕಡೆ ನಡಿ.’ ಅಮಲಿನ ಬಯಕೆ ಮಳೆಗಾಲದ ಹೊಳೆಯಂತೆ ಏರುತ್ತದೆ, ಹಾಗೆಯೇ ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ದಾಟಲು ಹೋಗದೆ ದಡದಲ್ಲಿ ಕಾಯುವುದಷ್ಟೇ ಕೆಲಸ.

ನಾಲ್ಕು, ಎಡವಿದ ದಿನವೂ ಆ ಮಾತು ಉಳಿಯಬೇಕು. ವ್ಯಸನಿಗಳು ಮತ್ತೆ ಜಾರುವುದೇಕೆ ಎಂಬುದನ್ನೇ ಅಧ್ಯಯನ ಮಾಡಿದ ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರು 1985ರ ಪುಸ್ತಕದಲ್ಲಿ ಒಂದು ವ್ಯತ್ಯಾಸವನ್ನು ತೋರಿಸಿದರು. ಒಂದು ಸಲ ಜಾರುವುದು ಬೇರೆ, ಪೂರ್ತಿ ಹಳೆಯ ಸ್ಥಿತಿಗೆ ಬೀಳುವುದು ಬೇರೆ. ನಡುವೆ ಇರುವುದು ‘ಎಲ್ಲ ಮುಗಿಯಿತು, ನನ್ನ ಹಣೆಬರಹವೇ ಇಷ್ಟು’ ಎಂಬ ಮಾತು. ಆ ಜಾಗದಲ್ಲಿ ‘ಜಾರಿದೆ, ಎಲ್ಲಿ ಜಾರಿದೆ ಎಂದು ಗೊತ್ತಾಯಿತು, ಇವತ್ತೇ ಡಾಕ್ಟರಿಗೆ ಹೇಳುತ್ತೇನೆ’ ಎಂಬ ಮಾತು ಬಂದರೆ ಒಂದು ದಿನದ ಸೋಲು ಒಂದು ದಿನಕ್ಕೇ ಮುಗಿಯುತ್ತದೆ.

ತೌಬಾದ ವಿಷಯದಲ್ಲಿ ಉಲಮಾಗಳು ಹೇಳಿಕೊಟ್ಟದ್ದನ್ನು ನೆನಪಿಸಿಕೊಳ್ಳಿ. ಮಾಡುತ್ತಿದ್ದ ತಪ್ಪನ್ನು ನಿಲ್ಲಿಸುವುದು, ಅದಕ್ಕಾಗಿ ಮರುಗುವುದು, ಮತ್ತೆ ಅತ್ತ ಹೋಗುವುದಿಲ್ಲವೆಂದು ನಿರ್ಧರಿಸುವುದು, ಇನ್ನೊಬ್ಬರ ಹಕ್ಕಿಗೆ ಧಕ್ಕೆಯಾಗಿದ್ದರೆ ಅದನ್ನು ಸರಿಪಡಿಸುವುದು. ಇದರಲ್ಲಿ ‘ನಾನು ಕೆಟ್ಟವನು’ ಎಂದು ಕೊರಗುತ್ತಾ ಕೂತುಕೊಳ್ಳುವ ಮಾತು ಎಲ್ಲಿದೆ? ಮರುಗುವುದು ಕೂಡ ಎದ್ದು ನಡೆಯುವುದಕ್ಕಾಗಿಯೇ. ನಿರಾಶೆಯನ್ನು ನಮ್ಮ ದೀನ್ ಎಲ್ಲಿಯೂ ಹೊಗಳಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಮಾತು ಔಷಧಿಗೆ ಬದಲಿಯಲ್ಲ. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಅಪಾಯವಾಗಬಹುದು. ನಿದ್ರೆ ಮಾತ್ರೆಗಳ ಚಟವೂ ಹಾಗೆಯೇ. ಬಂಧನವಾದಾಗ ಮನೆಯವರು ಮಾನಕ್ಕೆ ಅಂಜಿ ಚಟವನ್ನು ಮುಚ್ಚಿಡಬಾರದು. ‘ಇವನಿಗೆ ಇಂಥ ಚಟವಿದೆ, ಇಷ್ಟು ವರ್ಷದಿಂದ ಇದೆ’ ಎಂದು ವಕೀಲರಿಗೂ ಜೈಲಿನ ವೈದ್ಯರಿಗೂ ಮೊದಲ ದಿನವೇ ಹೇಳಬೇಕು.

ಕಾನೂನಿನಲ್ಲಿಯೂ ಚಿಕಿತ್ಸೆಗೆ ದಾರಿ ಇದೆ. 1985ರ ಮಾದಕ ವಸ್ತು ಕಾಯ್ದೆಯ 39ನೇ ಕಲಂ ಪ್ರಕಾರ, ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾದವನು ವ್ಯಸನಿಯಾಗಿದ್ದರೆ, ಅವನ ಒಪ್ಪಿಗೆ ಪಡೆದು ಚಿಕಿತ್ಸೆಗೆ ಕಳಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಅಂಥ ಪ್ರಕರಣದ ಆರೋಪಿ ತಾನಾಗಿ ಮುಂದೆ ಬಂದು ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಂ ಕೂಡ ಇದೆ. ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟರೆ ಆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. ಇದು ಮಾರಾಟ ಮಾಡುವವರಿಗೆ ಅಲ್ಲ ಎಂಬುದನ್ನು ಇಲ್ಲಿರುವ ಯುವಕರು ಗಮನಿಸಬೇಕು. ಬಂಧನದಲ್ಲಿರುವ ಪ್ರತಿಯೊಬ್ಬರಿಗೂ ಉಚಿತ ವಕೀಲರ ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಕಾಯ್ದೆ ಕೊಟ್ಟಿದೆ. ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿದರೆ ಸಾಕು. ನಮ್ಮ ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ವಿಚಾರಣಾಧೀನರು. ತಪ್ಪು ಸಾಬೀತಾಗದವರು. ಇದನ್ನೂ ಮರೆಯಬಾರದು.

ಈಗ ಮನೆಯವರ ಪಾಲಿಗೆ ಬರುತ್ತೇವೆ. ಒಬ್ಬ ಮನುಷ್ಯ ತನ್ನೊಳಗೆ ಆಡಿಕೊಳ್ಳುವ ಮಾತು ಆಕಾಶದಿಂದ ಉದುರಿದ್ದಲ್ಲ. ತಂದೆ, ತಾಯಿ, ಹೆಂಡತಿ, ಮೇಷ್ಟ್ರು, ಕೇರಿಯ ಜನ ಹೇಳಿದ್ದೇ ಅವನ ಒಳಗೆ ಕೂತು ಮಾತಾಡುತ್ತಿರುತ್ತದೆ. ‘ನೀನು ನಮ್ಮ ಪಾಲಿಗೆ ಸತ್ತೆ’ ಎಂದು ಹೇಳಿ ಬಂದರೆ ಅವನು ಆ ರಾತ್ರಿ ತನಗೂ ಅದನ್ನೇ ಹೇಳಿಕೊಳ್ಳುತ್ತಾನೆ.

ನಮ್ಮ ಜಿಲ್ಲಾ ಕಾರಾಗೃಹ ಇರುವುದು ಕಾರವಾರದಲ್ಲಿ. ಶಿರಸಿಯವರು ದೇವಿಮನೆ ಘಟ್ಟ ಇಳಿಯಬೇಕು, ಯಲ್ಲಾಪುರದವರು ಅರಬೈಲು ಘಟ್ಟ ಇಳಿಯಬೇಕು, ಸಿದ್ದಾಪುರದವರಿಗೂ ಘಟ್ಟ ತಪ್ಪಿದ್ದಲ್ಲ. ಶಿಕ್ಷೆಯಾದವರನ್ನು ಧಾರವಾಡಕ್ಕೋ ಬೆಳಗಾವಿಯ ಹಿಂಡಲಗಾಕ್ಕೋ ಕಳಿಸಿದ್ದರೆ ಇನ್ನೊಂದು ದಾರಿ. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಹೊಂದಿಸಿ, ಮಗುವನ್ನು ಕಂಕುಳಲ್ಲಿ ಹೊತ್ತು ಹೋದ ತಾಯಿಗೆ ಸಿಗುವ ಭೇಟಿಯ ಸಮಯ ಸ್ವಲ್ಪವೇ. ಆ ಸ್ವಲ್ಪ ಸಮಯ ಜಗಳಕ್ಕೂ ಕಣ್ಣೀರಿಗೂ ಮುಗಿದುಹೋದರೆ ಹೇಗೆ? ಹೋಗಲು ಆಗದವರಿಗೆ ವಿಡಿಯೋ ಮೂಲಕ ಮಾತಾಡುವ ಇ-ಮುಲಾಕಾತ್ ವ್ಯವಸ್ಥೆಯೂ ಇದೆ. ಇಲ್ಲಿರುವ ಕಾಲೇಜು ಮಕ್ಕಳು ಅಂಥ ಒಂದು ಮನೆಗೆ ಅದನ್ನು ನೋಂದಾಯಿಸಿ ಕೊಟ್ಟರೆ ಅದೂ ಸದಕಾವೇ.

ಭೇಟಿಯಲ್ಲಿ ಏನು ಮಾತಾಡಬೇಕು? ‘ಯಾಕೆ ಹೀಗೆ ಮಾಡಿದೆ?’ ಎಂಬ ಪ್ರಶ್ನೆಗೆ ಅವನ ಬಳಿ ಉತ್ತರವಿಲ್ಲ. ಅದರ ಬದಲು ‘ಈ ವಾರ ಯಾವ ಹೊತ್ತು ಕಷ್ಟವಾಯಿತು? ಆಗ ಹೇಗೆ ತಡೆದುಕೊಂಡೆ?’ ಎಂದು ಕೇಳಿ. ತಡೆದುಕೊಂಡದ್ದನ್ನು ಅವನು ಹೇಳಿದರೆ, ತನಗೆ ತಡೆದುಕೊಳ್ಳಲು ಬರುತ್ತದೆ ಎಂಬುದು ಅವನ ಕಿವಿಗೇ ಬೀಳುತ್ತದೆ. ಮನೆಯ ಸುದ್ದಿಯನ್ನು ನಿಜವಾಗಿ ಹೇಳಿ. ಸಾಲವಿದ್ದರೆ ಇದೆ ಎನ್ನಿ, ಮಗು ಏಳನೇ ತರಗತಿಗೆ ಹೋಯಿತು ಎಂದೂ ಹೇಳಿ. ಸುಳ್ಳು ಭರವಸೆಯೂ ಬೇಡ, ಶಾಪವೂ ಬೇಡ.

ಮನುಷ್ಯನಿಗೆ ಬೇರೆ ಮಾತು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಮೈಸೂರು ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರು ಜೈಲಿನ ಕೈದಿಗಳಿಗೆ ರಂಗತರಬೇತಿ ಕೊಟ್ಟು ಅವರಿಂದ ನಾಟಕಗಳನ್ನು ಆಡಿಸಿದರು. ಸದಾ ‘ಕೈದಿ’ ಎಂದೇ ಕರೆಸಿಕೊಂಡವನು ಜನರೆದುರು ನಿಂತು ಬೇರೊಬ್ಬರ ಮಾತನ್ನು ಗಟ್ಟಿಯಾಗಿ ಆಡುವಾಗ, ತನ್ನ ಬಾಯಲ್ಲಿ ಇಂಥ ಮಾತೂ ಬರುತ್ತದೆ ಎಂದು ಅವನಿಗೇ ತಿಳಿಯುತ್ತದೆ. ಪಾಠ ಕಲಿಯುವುದು, ಕುರ್‌ಆನ್ ಓದಲು ಕಲಿಯುವುದು, ಬಡಗಿ ಕೆಲಸ ಕಲಿಯುವುದು, ಎಲ್ಲವೂ ಇದೇ ಕೆಲಸ ಮಾಡುತ್ತವೆ. ಒಳಗೆ ಆಡಿಕೊಳ್ಳಲು ಒಂದು ಹೊಸ ಮಾತನ್ನು ಕೊಡುತ್ತವೆ.

ಇನ್ನು ಬಿಡುಗಡೆಯ ದಿನ. ಜೈಲಿನೊಳಗೆ ಬಿಟ್ಟಿದ್ದಾನಲ್ಲ, ಇನ್ನು ಚಿಂತೆಯಿಲ್ಲ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ನಿಜವಾದ ಅಪಾಯ ಶುರುವಾಗುವುದೇ ಆಗ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30,000ಕ್ಕೂ ಹೆಚ್ಚು ಕೈದಿಗಳನ್ನು ಕುರಿತ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಅಪಾಯ ಅಲ್ಲಿನ ಸಾಮಾನ್ಯ ಜನರಿಗಿಂತ 12.7 ಪಟ್ಟು ಹೆಚ್ಚಿತ್ತು. ಮುಖ್ಯ ಕಾರಣ ಮಾದಕ ವಸ್ತುವಿನ ಮಿತಿಮೀರಿದ ಸೇವನೆ. ನಿಲ್ಲಿಸಿದ ಮೇಲೆ ದೇಹದ ತಾಳಿಕೆ ಕಡಿಮೆಯಾಗಿರುತ್ತದೆ, ಅವನು ಹಳೆಯ ಅಳತೆಯಲ್ಲೇ ತೆಗೆದುಕೊಳ್ಳುತ್ತಾನೆ. ನಮ್ಮ ಕಡೆಯ ಮಾದಕ ವಸ್ತುಗಳು ಬೇರೆ ಇರಬಹುದು. ಆದರೆ ಹಳೆಯ ಗೆಳೆಯರು, ಹಳೆಯ ಅಡ್ಡೆ, ಖಾಲಿ ಜೇಬು, ಬಾಗಿಲು ಮುಚ್ಚುವ ನೆಂಟರು ಎಲ್ಲ ಕಡೆಯೂ ಒಂದೇ.

ಆ ಎರಡು ವಾರಗಳಿಗೆ ಮೊದಲೇ ತಯಾರಿ ಬೇಕು. ಕರೆದುಕೊಂಡು ಬರಲು ಮನೆಯವರೊಬ್ಬರು ಜೈಲಿನ ಬಾಗಿಲಲ್ಲಿ ಇರಬೇಕು. ಕೈಗೆ ಹೆಚ್ಚು ನಗದು ಕೊಡಬಾರದು. ಮೊದಲ ವಾರದಲ್ಲೇ ವೈದ್ಯರಿಗೆ ತೋರಿಸಬೇಕು. ಶಿರಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆ ಇದೆ, ಸಿದ್ದಾಪುರ ಯಲ್ಲಾಪುರಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಅಲ್ಲಿಯೇ ಕೇಳಬಹುದು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ಫೋನಿನಲ್ಲಿ ಕೇಳಬೇಕಾದರೆ ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416. ಎರಡೂ ಉಚಿತ. ಬರೆದುಕೊಳ್ಳಿ, ನಿಮ್ಮ ಮನೆಗೆ ಬೇಡವಾದರೂ ಯಾರಿಗಾದರೂ ಬೇಕಾಗುತ್ತದೆ.

ಕೊನೆಯದಾಗಿ ದಾನಿಗಳಲ್ಲಿ ಮತ್ತು ಜಮಾಅತ್‌ಗಳಲ್ಲಿ ಮೂರು ಕೋರಿಕೆಗಳು.

ಮೊದಲನೆಯದು ನಮ್ಮ ಅರ್ಜಿ ನಮೂನೆಯ ಬಗ್ಗೆ. ‘ತಂದೆಯ ಉದ್ಯೋಗ’ ಎಂಬ ಕಾಲಂ ಮುಂದೆ ಬಂದಾಗ ಕೆಲವು ಮಕ್ಕಳ ಪೆನ್ನು ನಿಂತುಬಿಡುತ್ತದೆ. ಏನು ಬರೆಯಬೇಕು ಎಂದು ತಿಳಿಯದೆ ಅರ್ಜಿಯನ್ನೇ ಹಾಕದವರು ಇರಬಹುದು. ಆ ಕಾಲಂ ಖಾಲಿ ಬಿಟ್ಟ ಅರ್ಜಿಯನ್ನು ಬದಿಗಿಡಬೇಡಿ. ತಾಯಿಯ ಸಹಿ ಸಾಕು ಎಂದು ಮಾಡೋಣ. ವಿವರ ಬೇಕಿದ್ದರೆ ಒಬ್ಬರೇ ಒಬ್ಬ ಟ್ರಸ್ಟಿ ಕೇಳಲಿ, ಅದು ಅವರ ಬಳಿಯೇ ಉಳಿಯಲಿ. ತಂದೆಯ ತಪ್ಪಿಗೆ ಮಗುವಿನ ಓದನ್ನು ಕಡಿಯುವ ಹಕ್ಕು ನಮಗಿಲ್ಲ. ಮಗು ಶಾಲೆಗೆ ಹೋಗುತ್ತಿದೆ ಎಂಬ ಸುದ್ದಿಯೇ ಒಳಗಿರುವ ತಂದೆಗೆ ತಡೆದುಕೊಳ್ಳಲು ಸಿಗುವ ನಿಜವಾದ ಮಾತು.

ಎರಡನೆಯದು ಹಣದ ಬಗ್ಗೆ. ಝಕಾತ್ ಸಲ್ಲಬೇಕಾದ ಎಂಟು ವರ್ಗಗಳಲ್ಲಿ ಬಡವರೂ ಸಾಲದಲ್ಲಿ ಸಿಕ್ಕಿಕೊಂಡವರೂ ಇದ್ದಾರೆ. ದುಡಿಯುವವನು ಜೈಲಿನಲ್ಲಿರುವ ಬಡ ಮನೆ ಇವೆರಡರಲ್ಲೂ ಬರಬಹುದು. ವಿವರವನ್ನು ಉಲಮಾಗಳಲ್ಲಿ ಕೇಳಿ ತೀರ್ಮಾನಿಸೋಣ. ಕಾರವಾರಕ್ಕೆ ಹೋಗಿಬರುವ ಬಸ್ ಚಾರ್ಜು, ಆಸ್ಪತ್ರೆಗೆ ಹೋಗುವ ಖರ್ಚು ಇಂಥ ಸಣ್ಣ ಬಾಬ್ತುಗಳಿಗೆ ಸದಕಾದ ಹಣದಿಂದ ಒಂದು ಚಿಕ್ಕ ನಿಧಿ ಇಟ್ಟರೆ ಒಳ್ಳೆಯದು.

ಮೂರನೆಯದಕ್ಕೆ ಹಣವೇ ಬೇಡ. ಬಿಡುಗಡೆಯಾಗಿ ಬಂದವನು ಮೊದಲ ಜುಮಾಕ್ಕೆ ಮಸೀದಿಗೆ ಬಂದಾಗ ಪಕ್ಕದಲ್ಲಿ ಜಾಗ ಕೊಡಿ. ಹಳೆಯದನ್ನು ಕೆದಕಬೇಡಿ. ಗ್ಯಾರೇಜಿನವರು, ಅಂಗಡಿಯವರು, ಅಡಿಕೆ ವ್ಯಾಪಾರದವರು ಇಲ್ಲಿದ್ದೀರಿ. ಒಂದು ತಿಂಗಳ ಮಟ್ಟಿಗಾದರೂ ದಿನಗೂಲಿಯ ಮೇಲೆ, ಕಣ್ಣೆದುರಿಗೆ ಇಟ್ಟುಕೊಂಡು ಕೆಲಸ ಕೊಟ್ಟು ನೋಡಿ. ‘ಹೊರಗೆ ಹೋದರೂ ನನಗೆ ಯಾರು ಕೆಲಸ ಕೊಡುತ್ತಾರೆ?’ ಎಂಬ ಪ್ರಶ್ನೆಯನ್ನು ಅವನು ಎಷ್ಟೋ ರಾತ್ರಿ ಕೇಳಿಕೊಂಡಿರುತ್ತಾನೆ. ಅದಕ್ಕೆ ಉತ್ತರ ಕೊಡಲು ಯಾವ ಮನೋವೈದ್ಯರಿಂದಲೂ ಆಗುವುದಿಲ್ಲ. ನಿಮ್ಮಿಂದ ಆಗುತ್ತದೆ.

ಮಕ್ಕಳೇ, ನಿಮಗೂ ಒಂದು ಮಾತು. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಅದು ನಿಮ್ಮ ತಪ್ಪಲ್ಲ, ಅದನ್ನು ವಾಸಿ ಮಾಡುವ ಹೊಣೆಯೂ ನಿಮ್ಮದಲ್ಲ. ನಿಮ್ಮ ಕೆಲಸ ಓದುವುದು. ಗೆಳೆಯರು ‘ಒಂದು ಸಲ ನೋಡು’ ಎಂದು ಕೈಗೆ ಏನಾದರೂ ಕೊಟ್ಟರೆ ಬೇಡ ಎಂದು ಅಲ್ಲಿಂದ ಎದ್ದು ಬನ್ನಿ, ಮನೆಗೆ ಬಂದು ಹೇಳಿ.

ಒಳಗಿರುವ ನಮ್ಮವರಿಗೂ, ಅವರ ದಾರಿ ಕಾಯುತ್ತಿರುವ ಮನೆಗಳಿಗೂ ಅಲ್ಲಾಹನು ಸಹನೆಯನ್ನೂ ಶಿಫಾವನ್ನೂ ಕರುಣಿಸಲಿ. ದಾನಿಗಳ ದುಡಿಮೆಯಲ್ಲಿ ಬರಕತ್ ಕೊಡಲಿ. ಆಮೀನ್.